ಕಾರ್ನವಾಲೆ ಭವನ: ಒಂದು ಮನೆಯ ಪಾಠಾಂತರಗಳು

ಹಸ್ತಪ್ರತಿಗಳೊಡನೆ ಒಡನಾಡುವವರಿಗೆ ಮೂಲಪಾಠ, ಪಾಠಾಂತರ, ಪ್ರಕ್ಷಿಪ್ತ ಎಂಬ ಪರಿಭಾಷೆಗಳು ಚಿರಪರಿಚಿತ. ಓಲೆಗರಿಯಲ್ಲಿ ಮಾತ್ರವಲ್ಲದೆ ಕಲ್ಲಿನಲ್ಲಿಯೂ ಇವು ಸಂಭವಿಸುತ್ತವೆ ಎಂಬುದಕ್ಕೆ ಪ್ಯಾರಿಸ್ಸಿನ ಮಾರೇ ಪ್ರದೇಶದ ಕಾರ್ನವಾಲೆ ಭವನವು ಒಳ್ಳೆಯ ನಿದರ್ಶನ. ಇಂದು ಅದು ಆ ನಗರದ ಇತಿಹಾಸವನ್ನು ಹೇಳುವ ವಸ್ತುಸಂಗ್ರಹಾಲಯವಾಗಿದೆ.

ಫ್ರೆಂಚರು ಇಂಥ ಮನೆಯನ್ನು ‘ಓತೆಲ್’ ಎನ್ನುತ್ತಾರೆ. ನಮ್ಮಲ್ಲಿ ಊಟತಿಂಡಿಯ ಅರ್ಥದಲ್ಲಿ ರೂಢವಾಗಿರುವ ‘ಹೋಟೆಲ’ನ್ನು ಇಲ್ಲಿ ನೆನೆಯಬೇಕಾಗಿಲ್ಲ. ಕುಲೀನರ, ಉನ್ನತಾಧಿಕಾರಿಗಳ ನಗರನಿವಾಸಕ್ಕೆ ಆ ಹೆಸರು. ಬೀದಿಗೆ ಹೆಬ್ಬಾಗಿಲು, ಅದನ್ನು ದಾಟಿದರೆ ಅಂಗಳ, ಅಂಗಳದಾಚೆ ವಾಸದ ಮುಖ್ಯ ಕಟ್ಟಡ, ಅದರ ಹಿಂದೆ ಉದ್ಯಾನ: ಈ ವಿನ್ಯಾಸದ ಆರಂಭದ ಮಾದರಿಗಳಲ್ಲಿ ಇದೂ ಒಂದು. 1548ರಲ್ಲಿ ಪ್ಯಾರಿಸ್ಸಿನ ಉಚ್ಚ ನ್ಯಾಯಸಭೆಯ ಅಧ್ಯಕ್ಷರಲ್ಲೊಬ್ಬನಾದ ಝಾಕ್ ದೆ ಲಿನ್ಯೆರಿಗಾಗಿ ಇದರ ನಿರ್ಮಾಣ ಮೊದಲಾಯಿತು. ಅಂಗಳದ ಹಿಂಗೋಡೆಯಲ್ಲಿರುವ ನಾಲ್ಕು ಋತುಗಳ ಉಬ್ಬುಶಿಲ್ಪಗಳನ್ನು ಝಾಂ ಗುಝೋನನ ಕಮ್ಮಟಕ್ಕೆ ಸೇರಿಸುವುದು ವಾಡಿಕೆ.

1578ರಲ್ಲಿ ಮನೆಯು ಬ್ರಿತಾನಿ ಮೂಲದ ಕೆರ್ನೆವೆನ್ವಾ ಎಂಬ ಕುಲೀನನ ವಿಧವೆಯ ಕೈಸೇರಿತು. ಪ್ಯಾರಿಸ್ಸಿಗರ ನಾಲಗೆಗೆ ಆ ಹೆಸರು ಹೊರಳಲಿಲ್ಲ. ಅದು ‘ಕಾರ್ನವಾಲೆ’ಯಾಯಿತು. ಆನಂತರ ಯಾರೋ ಹೆಬ್ಬಾಗಿಲಿನ ಮೇಲಿನ ಸಮೃದ್ಧಿದೇವತೆಯ ಕಾಲಡಿಯ ಗೋಳವನ್ನು, ಈ ಹೆಸರಿನ ಶ್ಲೇಷೆಗಾಗಿ, ಕಾರ್ನಿವಲ್ಲಿನ ಮುಖವಾಡವಾಗಿ ಕಡೆದರು! ಅಪಪಾಠದ ಮೇಲೆ ಲಿಪಿಕಾರನು ಬರೆದ ಟಿಪ್ಪಣಿಯೆಂದರೆ ಇದೇ.

1660ರ ಸುಮಾರಿಗೆ ಫ್ರಾನ್ಸ್ವಾ ಮಾನ್ಸಾರ್ ಎಂಬ ಖ್ಯಾತ ವಾಸ್ತುಶಿಲ್ಪಿಯು ಬೀದಿಯ ಕಡೆಯ ಭಾಗವನ್ನು ಪುನಾರಚಿಸಿ, ಪಾರ್ಶ್ವಗಳಿಗೆ ಮಹಡಿಯೇರಿಸಿದನು. ಹಿಂದಿನವರ ಹೆಬ್ಬಾಗಿಲನ್ನೂ ಅದರ ಶಿಲ್ಪವನ್ನೂ ಉಳಿಸಿಕೊಂಡೇ ಈ ಕೆಲಸ ನಡೆಯಿತೆಂಬುದು ಗಮನಾರ್ಹ. ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸದು ತೊಡಗಿತು ಎಂಬುದನ್ನು ಬಲ್ಲವರು ಇಂದಿಗೂ ಗುರುತಿಸಬಹುದು.

ಸಾಹಿತ್ಯದ ಚರಿತ್ರೆಯಲ್ಲಿ ಈ ಮನೆಗೆ ಸ್ಥಾನ ದೊರೆತದ್ದು ಒಡೆಯರಿಂದಲ್ಲ, ಒಬ್ಬ ಬಾಡಿಗೆದಾರಳಿಂದ. ಮಾದಾಮ್ ದ ಸೆವಿನ್ಯೆ 1677ರಿಂದ 1696ರಲ್ಲಿ ತೀರಿಕೊಳ್ಳುವವರೆಗೆ ಇದನ್ನು ಬಾಡಿಗೆಗೆ ಹಿಡಿದಿದ್ದಳು. ಹಲಗೆಹಾಸಿನ ನೆಲವಿಲ್ಲ, ಹೊಸ ರೀತಿಯ ಅಗ್ಗಿಷ್ಟಿಕೆಯಿಲ್ಲ, ಆದರೂ ಅಂಗಳವುಂಟು, ಉದ್ಯಾನವುಂಟು ಎಂದು ಆಕೆ ಪ್ರೊವಾನ್ಸಿನಲ್ಲಿದ್ದ ಮಗಳಿಗೆ ಬರೆದು ಸಮಾಧಾನಪಟ್ಟಳು. ಆ ಪತ್ರಗಳ ಗತಿ ಮನೆಯ ಗತಿಗಿಂತ ಕಠಿನವಾಯಿತು. ಮೊಮ್ಮಗಳ ಇಚ್ಛೆಯಂತೆ ಪೆರಾಂ ಎಂಬ ಸಂಪಾದಕನು 1734ರಿಂದ ಅವುಗಳನ್ನು ತಿದ್ದಿ, ಕತ್ತರಿಸಿ ಪ್ರಕಟಿಸಿದನು; ಮಗಳ ಉತ್ತರಗಳು ನಾಶವಾದವು. ಮೂಲಕ್ಕೆ ಹೆಚ್ಚು ಹತ್ತಿರವಾದ ಪ್ರತಿಯೊಂದು 1870ರ ದಶಕದಲ್ಲಿ ಕಾಪ್ಮಾ ಎಂಬ ವಿದ್ವಾಂಸನಿಗೆ ಹಳೆಯ ವಸ್ತುಗಳ ಅಂಗಡಿಯಲ್ಲಿ ದೊರೆತ ಬಳಿಕವೇ ತಿದ್ದುಪಡಿಯ ಪ್ರಮಾಣವು ತಿಳಿಯಿತು. ಮಾನ್ಸಾರ್ ಪೆರಾಂಗಿಂತ ಪ್ರಾಮಾಣಿಕ ಸಂಪಾದಕನೆಂದೇ ನನ್ನ ಎಣಿಕೆ.

1866ರಲ್ಲಿ ನಗರಾಡಳಿತವು ಭವನವನ್ನು ಕೊಂಡಿತು. ಹಳೆಯ ಪ್ಯಾರಿಸ್ಸನ್ನು ಕೆಡವಿಸುತ್ತಿದ್ದ ಓಸ್ಮಾನನ ಆಡಳಿತದಲ್ಲಿಯೇ ಅದರ ಸ್ಮಾರಕಗಳಿಗೆ ನೆಲೆ ಸಿದ್ಧವಾದದ್ದು ಇತಿಹಾಸದ ವ್ಯಂಗ್ಯ. 1871ರಲ್ಲಿ ನಗರಸಭಾ ಭವನಕ್ಕೆ ಬೆಂಕಿಬಿದ್ದು ನಗರದ ಗ್ರಂಥಭಂಡಾರ ಸುಟ್ಟಾಗ ಝೂಲ್ ಕೂಝಾಂ ತನ್ನ ಸ್ವಂತ ಪುಸ್ತಕಗಳನ್ನು ಕೊಟ್ಟು ಸಂಗ್ರಹವನ್ನು ಮತ್ತೆ ಕಟ್ಟಿದನು. 1880ರಲ್ಲಿ ಸಂಗ್ರಹಾಲಯವು ತೆರೆಯಿತು. ಭವನವನ್ನು ಹಿಂಬದಿಗೆ ವಿಸ್ತರಿಸುವಾಗ ಬೇರೆಡೆಯಿಂದ ಕಳಚಿ ತಂದ ನಜರೇತ್ ಕಮಾನು, ವಸ್ತ್ರವ್ಯಾಪಾರಿಗಳ ಸಂಘದ ಮುಂಭಾಗ ಮೊದಲಾದವನ್ನು ಇಲ್ಲಿ ಜೋಡಿಸಲಾಯಿತು. ಪ್ರತಿಯೊಂದೂ ತನ್ನಷ್ಟಕ್ಕೆ ಅಧಿಕೃತ. ಈ ಸ್ಥಳದಲ್ಲಿ ಮಾತ್ರ ಪ್ರಕ್ಷಿಪ್ತ. ಆದರೆ ಅವು ಇಲ್ಲಿಗೆ ಬಾರದಿದ್ದರೆ ಪೂರ್ತಿ ಅಳಿದುಹೋಗುತ್ತಿದ್ದವೇನೋ.

2016ರಿಂದ 2021ರವರೆಗೆ ನಡೆದ ನವೀಕರಣದಲ್ಲಿ ಲೋಹ ಮತ್ತು ಮರದ ಮೆಟ್ಟಿಲುಗಳನ್ನು ಹೊಸದಾಗಿ ಸೇರಿಸಲಾಗಿದೆ. ಸಂಪಾದಕನ ಕಂಸಗಳಂತೆ ಅವು ಹೊಸವೆಂದು ನೋಡಿದೊಡನೆ ತಿಳಿಯುತ್ತದೆ. ಹಿಂದಣ ಉದ್ಯಾನಗಳ ಬದಿಯಲ್ಲಿ ಅಂಥ ಕಂಸಗಳಿಲ್ಲ. ವಸ್ತ್ರವ್ಯಾಪಾರಿಗಳ ಮುಂಭಾಗದೆದುರು ನಿಂತವರು ಅದನ್ನು ಸೆವಿನ್ಯೆ ದಿನವೂ ಕಂಡ ಗೋಡೆಯೆಂದು ಭಾವಿಸುವ ಸಂಭವ ಇಂದಿಗೂ ಉಂಟು.