ಸೋಡಿಯನ್ನು ಹಣ ಕೊಟ್ಟು ಕೊಳ್ಳುವ ಲೆಕ್ಕ

ಪ್ರೌಢಶಾಲೆಯ ಅಂಕಗಣಿತದಲ್ಲಿ ಸೋಡಿಯ ಪಾಠ ವಿದ್ಯಾರ್ಥಿಗಳಿಗೆ ಅತ್ಯಂತ ಸುಲಭವಾಗಿ ತೋರುತ್ತದೆ. ನಮೂದಿಸಿದ ಬೆಲೆ ಇಷ್ಟು, ಸೋಡಿ ಶೇಕಡಾ ಇಷ್ಟು, ಕೊಡಬೇಕಾದ ಹಣವೆಷ್ಟು ಎಂದು ಕೇಳಿದರೆ ಏಳನೆಯ ಇಯತ್ತೆಯ ಹುಡುಗನೂ ಕ್ಷಣಾರ್ಧದಲ್ಲಿ ಉತ್ತರಿಸಬಲ್ಲನು. ಆದರೆ ಆ ಸೋಡಿಯನ್ನು ಪಡೆಯುವ ಹಕ್ಕನ್ನೇ ಮೊದಲು ಹಣ ತೆತ್ತು ಕೊಳ್ಳಬೇಕೆಂದಾದರೆ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಆಗ ಶೇಕಡಾವಾರಿಗಿಂತ ನಮ್ಮ ಮುಂದಿನ ಒಂದು ವರ್ಷದ ನಡೆಯೇ ಮುಖ್ಯವಾಗುತ್ತದೆ. ಯೂರೋಪಿನ ರೈಲ್ವೆಗಳು ಮಾರುವ ರಿಯಾಯಿತಿ ಕಾರ್ಡುಗಳು ಇಂಥ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಮಕ್ಕಳು ಇಂದು ಆ ದೇಶಗಳಲ್ಲಿ ಓದುತ್ತಲೋ ಉದ್ಯೋಗದಲ್ಲಿಯೋ ಇರುವುದರಿಂದ ಈ ಲೆಕ್ಕ ಕೇವಲ ಪುಸ್ತಕದ್ದಾಗಿ ಉಳಿದಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಹುಟ್ಟಲಿಲ್ಲ. ಭಾರತೀಯ ರೈಲ್ವೆಯು ಹಿರಿಯ ನಾಗರಿಕರಿಗೆ, ಅಂದರೆ 60 ತುಂಬಿದ ಪುರುಷರಿಗೆ ಶೇಕಡಾ 40 ಮತ್ತು 58 ತುಂಬಿದ ಮಹಿಳೆಯರಿಗೆ ಶೇಕಡಾ 50ರ ರಿಯಾಯಿತಿ ಕೊಡುತ್ತಿತ್ತು. 2020ರ ಮಾರ್ಚ್ ತಿಂಗಳಲ್ಲಿ ಅದನ್ನು ನಿಲ್ಲಿಸಲಾಯಿತು. ಇದ್ದಷ್ಟು ದಿನವೂ ಅದಕ್ಕೆ ಪ್ರತ್ಯೇಕ ಕಾರ್ಡು ಕೊಳ್ಳಬೇಕಾಗಿರಲಿಲ್ಲ; ವಯಸ್ಸೇ ಅರ್ಹತೆಯಾಗಿತ್ತು. ಬಿಟ್ಟಿ ಬಂದುದನ್ನು ಕೊಳ್ಳಬೇಕೆ ಬೇಡವೆ ಎಂದು ಯಾರೂ ಯೋಚಿಸುವುದಿಲ್ಲವಷ್ಟೆ.

ಬ್ರಿಟನ್ನಿನ ಪದ್ಧತಿ ಬೇರೆ. ಅಲ್ಲಿ ವಿದ್ಯಾರ್ಥಿಗಳ ಮತ್ತು ವೃದ್ಧರ ರೈಲ್‌ಕಾರ್ಡುಗಳು 1970ರ ದಶಕದಲ್ಲಿ, ರೈಲ್ವೆಯು ಸರ್ಕಾರದ ಒಡೆತನದಲ್ಲಿದ್ದಾಗ, ಬಳಕೆಗೆ ಬಂದವು. ರೈಲು ಓಡುವ ಖರ್ಚು ಡಬ್ಬಿ ತುಂಬಿದ್ದರೂ ಖಾಲಿಯಿದ್ದರೂ ಹೆಚ್ಚುಕಡಿಮೆ ಒಂದೇ. ಕಚೇರಿಗೆ ಹೋಗುವವನು ಪೂರ್ಣ ದರ ತೆತ್ತಾದರೂ ಹೋಗುತ್ತಾನೆ. ಬಿಡುವಿರುವ ವಿದ್ಯಾರ್ಥಿ ಅಥವಾ ನಿವೃತ್ತ ದರ ಇಳಿದರೆ ಮಾತ್ರ ಹೊರಡುತ್ತಾನೆ. ಎಲ್ಲರಿಗೂ ದರ ಇಳಿಸದೆ ಎರಡನೆಯವನನ್ನು ಮಾತ್ರ ಸೆಳೆಯುವ ಉಪಾಯವೇ ಈ ಕಾರ್ಡು. 1993ರ ರೈಲ್ವೆ ಕಾಯ್ದೆಯಿಂದ ಖಾಸಗೀಕರಣವಾದ ಮೇಲೂ ತರುಣರ, ವೃದ್ಧರ ಹಾಗೂ ಅಂಗವಿಕಲರ ರಿಯಾಯಿತಿಗಳು ಉಳಿದುಬಂದವು. ಮಾರುವವನು ದಾನಕ್ಕೆ ಕುಳಿತಿಲ್ಲ, ಖಾಲಿ ಆಸನ ತುಂಬಲು ಕುಳಿತಿದ್ದಾನೆ ಎಂಬುದನ್ನು ಕೊಳ್ಳುವವನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಷರತ್ತುಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಈಗ ಲೆಕ್ಕಕ್ಕೆ ಬರೋಣ. 2025ರ ಮಾರ್ಚ್ ತಿಂಗಳಲ್ಲಿ ಹೆಚ್ಚಿನ ರೈಲ್‌ಕಾರ್ಡುಗಳ ವಾರ್ಷಿಕ ಬೆಲೆ 30 ಪೌಂಡಿನಿಂದ 35 ಪೌಂಡಿಗೆ ಏರಿತು. ರಿಯಾಯಿತಿ ಟಿಕೆಟ್ ದರದ ಮೂರನೆಯ ಒಂದು ಪಾಲು. ವರ್ಷದಲ್ಲಿ ಕಾರ್ಡಿಲ್ಲದೆ ತೆರಬೇಕಾಗುತ್ತಿದ್ದ ಒಟ್ಟು ದರವನ್ನು ‘ದ’ ಎನ್ನೋಣ. ಉಳಿತಾಯ ದ/3. ಇದು 35ಕ್ಕೆ ಸಮವಾಗಬೇಕಾದರೆ ದ = 105. ಅಂದರೆ ವರ್ಷಕ್ಕೆ 105 ಪೌಂಡಿಗಿಂತ ಹೆಚ್ಚಿನ ಟಿಕೆಟ್ ಕೊಳ್ಳುವವನಿಗೆ ಲಾಭ, ಕಡಿಮೆಯಾದರೆ ನಷ್ಟ. ಕಾರ್ಡಿನ ಬೆಲೆಯನ್ನು ರಿಯಾಯಿತಿಯ ಭಿನ್ನರಾಶಿಯಿಂದ ಭಾಗಿಸಬೇಕು ಎಂಬ ಒಂದೇ ಸೂತ್ರ ಎಲ್ಲ ಇಂಥ ಕಾರ್ಡುಗಳಿಗೂ ಅನ್ವಯಿಸುತ್ತದೆ.

ಸೂತ್ರ ಇಷ್ಟು ಸರಳವಿದ್ದರೂ ‘ದ’ ಎಂಬ ಅಕ್ಷರದೊಳಗೆ ಏನನ್ನು ಸೇರಿಸಬೇಕು, ಏನನ್ನು ಬಿಡಬೇಕು ಎಂಬಲ್ಲಿ ಜಾಣರೂ ಎಡವುತ್ತಾರೆ. ಕಾರ್ಡು ಇಲ್ಲದಿದ್ದರೂ ಖಂಡಿತವಾಗಿ ಮಾಡುತ್ತಿದ್ದ ಪ್ರಯಾಣಗಳನ್ನು ಮಾತ್ರ ಪೂರ್ಣವಾಗಿ ಸೇರಿಸಬೇಕು. ಕಾರ್ಡಿದೆ ಎಂದು ಹೊರಟ ಪ್ರಯಾಣ ಉಳಿತಾಯವಲ್ಲ, ಖರ್ಚು. 30 ಪೌಂಡಿನ ಟಿಕೆಟ್ಟನ್ನು 20ಕ್ಕೆ ಪಡೆದವನು ಹತ್ತು ಉಳಿಸಿದೆನೆನ್ನುತ್ತಾನೆ. ಹೋಗುವ ಅಗತ್ಯವೇ ಇರದಿದ್ದರೆ ಅವನು ಇಪ್ಪತ್ತು ಕಳೆದಿದ್ದಾನೆ. ಆ ದಿನದ ಸಂತೋಷಕ್ಕೆ ಇಪ್ಪತ್ತು ಪೌಂಡಿನ ಬೆಲೆಯಿದ್ದರೆ ಆಕ್ಷೇಪವಿಲ್ಲ. ಆದರೆ ಅದನ್ನು ಕಾರ್ಡಿನ ಲಾಭದ ಖಾತೆಗೆ ಬರೆಯಬಾರದು.

ಹಾಗೆಯೇ, ಹೋಲಿಸಬೇಕಾದ ದರ ಯಾವುದೆಂಬುದನ್ನೂ ನೋಡಬೇಕು. ಮುಂಗಡವಾಗಿ ನಿಗದಿತ ರೈಲಿಗೆ ಕೊಂಡ ಟಿಕೆಟ್ ಅಗ್ಗವಾಗಿರುತ್ತದೆ. ರೈಲ್‌ಕಾರ್ಡಿನ ರಿಯಾಯಿತಿ ಅದಕ್ಕೂ ಸಲ್ಲುತ್ತದೆ. ಆದುದರಿಂದ ಮುಂಗಡ ಕೊಳ್ಳುವ ಅಭ್ಯಾಸವುಳ್ಳವನು ಆ ಅಗ್ಗದ ದರವನ್ನೇ ‘ದ’ದಲ್ಲಿ ಸೇರಿಸಬೇಕು, ನಿಲ್ದಾಣದಲ್ಲಿ ಕೊನೆಯ ಗಳಿಗೆಯಲ್ಲಿ ಕೇಳುವ ದುಬಾರಿ ದರವನ್ನಲ್ಲ. ಬಸ್ಸಿನಲ್ಲಿ ಹೋಗುವುದೇ ರೂಢಿಯಾಗಿದ್ದರೆ ಬಸ್ಸಿನ ದರವೇ ಹೋಲಿಕೆಯ ಅಳತೆ.

ಷರತ್ತುಗಳು ಸೂತ್ರವನ್ನು ಎಷ್ಟು ಬಾಗಿಸುತ್ತವೆಂಬುದಕ್ಕೆ ಒಂದು ನಿದರ್ಶನ. ಹದಿನಾರರಿಂದ ಇಪ್ಪತ್ತೈದು ವರ್ಷದವರ ಕಾರ್ಡಿನಲ್ಲಿ, ಜುಲೈ ಮತ್ತು ಆಗಸ್ಟ್ ಹೊರತಾಗಿ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ 4-30ರಿಂದ 10 ಗಂಟೆಯ ನಡುವೆ ಒಂದು ಕನಿಷ್ಠ ದರವಿದೆ. 2024ರಲ್ಲಿ ಅದು 12 ಪೌಂಡ್ ಇತ್ತು. ಆ ಲೆಕ್ಕದಲ್ಲಿ 15 ಪೌಂಡಿನ ಸಾಮಾನ್ಯ ಟಿಕೆಟ್ ಹತ್ತಕ್ಕಿಳಿಯದೆ ಹನ್ನೆರಡಕ್ಕೆ ನಿಲ್ಲುತ್ತದೆ. ಉಳಿತಾಯ ಐದಲ್ಲ, ಮೂರು. ಮಧ್ಯಾಹ್ನ ಹೋಗುವ ವಿದ್ಯಾರ್ಥಿಗೆ ಏಳು ಪ್ರಯಾಣಗಳಲ್ಲಿ ಕಾರ್ಡಿನ ಹಣ ಮರಳಿದರೆ ಬೆಳಗ್ಗೆ ಹೋಗುವವನಿಗೆ ಹನ್ನೆರಡು ಪ್ರಯಾಣಗಳು ಬೇಕು. ಟಿಕೆಟ್ಟಿನ ಮೂಲ ದರವೇ ಹನ್ನೆರಡಾಗಿದ್ದರೆ ಬೆಳಗಿನವನಿಗೆ ಏನೂ ದಕ್ಕದು.

ತಂದೆತಾಯಿಗಳ ಪ್ರಸಂಗ ಇನ್ನೂ ಕುತೂಹಲಕರವಾದುದು. ಅರವತ್ತು ದಾಟಿದ ದಂಪತಿಗಳು ಮಗಳನ್ನು ನೋಡಲು ಎರಡು ತಿಂಗಳ ಮಟ್ಟಿಗೆ ಲೀಡ್ಸ್ ನಗರಕ್ಕೆ ಹೋಗುತ್ತಾರೆಂದು ಭಾವಿಸೋಣ. ವೃದ್ಧರ ರೈಲ್‌ಕಾರ್ಡಿಗೆ ಅಲ್ಲಿಯ ನಿವಾಸಿಯಾಗಿರಬೇಕೆಂಬ ನಿಯಮವಿಲ್ಲ. ಪಾಸ್‌ಪೋರ್ಟ್ ತೋರಿಸಿ ಕೊಳ್ಳಬಹುದು. ಇಬ್ಬರಿಗೆ ಎರಡು ಕಾರ್ಡು, 70 ಪೌಂಡ್. ಇದಲ್ಲದೆ ‘ಟೂ ಟುಗೆದರ್’ ಎಂಬ ಇನ್ನೊಂದು ಕಾರ್ಡಿದೆ. ಹೆಸರು ಹಾಗೂ ಭಾವಚಿತ್ರ ನಮೂದಾದ ಇಬ್ಬರು ಒಟ್ಟಿಗೆ ಪ್ರಯಾಣ ಮಾಡುವುದಾದರೆ ಇಬ್ಬರಿಗೂ ಸೇರಿ 35 ಪೌಂಡ್. ಆದರೆ ವಾರದ ದಿನಗಳಲ್ಲಿ ಬೆಳಗಿನ 9-30ಕ್ಕೆ ಮೊದಲು ಅದು ಸಲ್ಲದು, ಒಬ್ಬರೇ ಹೋದರೂ ಸಲ್ಲದು.

ಲಂಡನ್ನಿನಿಂದ ಲೀಡ್ಸಿಗೆ ಹೋಗಲು ತಲಾ 50, ಮರಳಲು ತಲಾ 50, ನಡುವೆ ಎಡಿನ್‌ಬರೋದ ಒಂದು ಪ್ರವಾಸಕ್ಕೆ ತಲಾ 40 ಪೌಂಡ್ ಆಗುತ್ತದೆಂದು ಇಟ್ಟುಕೊಳ್ಳೋಣ (ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು). ಇಬ್ಬರ ಒಟ್ಟು ದರ 280; ರಿಯಾಯಿತಿಯ ನಂತರ ಸುಮಾರು 187. ವೃದ್ಧರ ಕಾರ್ಡುಗಳಾದರೆ ಒಟ್ಟು ಖರ್ಚು 257. ಜೋಡಿ ಕಾರ್ಡಾದರೆ 222. ಎರಡೂ ಕಾರ್ಡಿಲ್ಲದಿರುವುದಕ್ಕಿಂತ ಮೇಲು, ಆದರೆ ಎರಡನೆಯದು ಇನ್ನೂ 35 ಪೌಂಡ್ ಉಳಿಸುತ್ತದೆ. ನಡುವೆ ಯಜಮಾನರು ಹಳೆಯ ಗೆಳೆಯನನ್ನು ನೋಡಲು ಒಬ್ಬರೇ 60 ಪೌಂಡಿನ ಪ್ರಯಾಣ ಮಾಡಿದರೆ? ವೃದ್ಧರ ಕಾರ್ಡಿನಿಂದ ಅಲ್ಲಿ 20 ಉಳಿಯುತ್ತಿತ್ತು. ಅದು 35ಕ್ಕಿಂತ ಕಡಿಮೆಯೇ. ಒಂಟಿ ಪ್ರಯಾಣಗಳ ದರ ಒಟ್ಟು 105 ದಾಟಿದಾಗ ಮಾತ್ರ ಎರಡು ಕಾರ್ಡುಗಳ ಪಕ್ಷ ಗೆಲ್ಲುತ್ತದೆ. ಮಗಳೂ ಜೊತೆಗೆ ಹೊರಟಳೆನ್ನಿ. ಮೂರರಿಂದ ಒಂಬತ್ತು ಜನರ ಗುಂಪಿಗೆ ಅನೇಕ ಕಂಪನಿಗಳ ರೈಲುಗಳಲ್ಲಿ ದಟ್ಟಣೆಯಿಲ್ಲದ ವೇಳೆ ಕಾರ್ಡಿಲ್ಲದೆಯೇ ಮೂರನೆಯ ಒಂದರಷ್ಟು ರಿಯಾಯಿತಿ ದೊರೆಯುತ್ತದೆ. ಎಡಿನ್‌ಬರೋ ಪ್ರವಾಸಕ್ಕೆ ಅದು ಸಿಕ್ಕರೆ ದಂಪತಿಗಳ 80 ಪೌಂಡನ್ನು ‘ದ’ದಿಂದ ಕಳೆಯಬೇಕು. ಉಳಿದ 200 ಇನ್ನೂ 105ಕ್ಕಿಂತ ಹೆಚ್ಚಿರುವುದರಿಂದ ಜೋಡಿ ಕಾರ್ಡು ಯೋಗ್ಯವಾಗಿಯೇ ಉಳಿಯುತ್ತದೆ. ವೃದ್ಧರ ಎರಡು ಕಾರ್ಡುಗಳು ಮಾತ್ರ 210ರ ಗಡಿಯನ್ನು ಮುಟ್ಟದೆ ಸೋಲುತ್ತವೆ.

ಇಲ್ಲಿ ಕಾಣುವ ತತ್ತ್ವ ಜರ್ಮನಿಯ ಉದಾಹರಣೆಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ 1992ರಲ್ಲಿ ಅರ್ಧ ದರದ ಬಾನ್‌ಕಾರ್ಡ್ ಜಾರಿಗೆ ಬಂದಿತು. 2002ರ ಕೊನೆಯಲ್ಲಿ ರೈಲ್ವೆಯು ಅದನ್ನು ತೆಗೆದು ಶೇಕಡಾ 25ರ ಕಾರ್ಡನ್ನು ತಂದಾಗ ಪ್ರಯಾಣಿಕರು ಎಷ್ಟು ಪ್ರತಿಭಟಿಸಿದರೆಂದರೆ 2003ರ ಆಗಸ್ಟ್‌ನಲ್ಲಿ ಹಳೆಯದನ್ನೂ ಮರಳಿ ತರಬೇಕಾಯಿತು. ಹೀಗೆ ಎರಡು ಕಾರ್ಡುಗಳು ಉಳಿದವು. 2025ರಲ್ಲಿ ಎರಡನೆಯ ದರ್ಜೆಗೆ ಅವುಗಳ ಬೆಲೆ ಕ್ರಮವಾಗಿ 62.90 ಮತ್ತು 244 ಯೂರೋ. ಸೂತ್ರದಂತೆ ಮೊದಲನೆಯದಕ್ಕೆ 251.60 ಯೂರೋ, ಎರಡನೆಯದಕ್ಕೆ 488 ಯೂರೋ ಗಡಿ. ವರ್ಷಕ್ಕೆ 600 ಯೂರೋ ಪ್ರಯಾಣ ಮಾಡುವವನು 488 ದಾಟಿತಲ್ಲ ಎಂದು ದೊಡ್ಡ ಕಾರ್ಡನ್ನೇ ಕೊಂಡರೆ 544 ತೆರುತ್ತಾನೆ. ಚಿಕ್ಕ ಕಾರ್ಡಿನಿಂದ 512.90ರಲ್ಲಿ ಮುಗಿಯುತ್ತಿತ್ತು. ಎರಡೂ ಸಮವಾಗುವುದು 724.40 ಯೂರೋಗೆ. ಅದೂ ಪೂರ್ಣ ದರದ, ಯಾವ ರೈಲಿಗೂ ಸಲ್ಲುವ ಟಿಕೆಟ್ ಕೊಳ್ಳುವವನಿಗೆ. ನಿಗದಿತ ರೈಲಿನ ಅಗ್ಗದ ಟಿಕೆಟ್ಟಿಗೆ ದೊಡ್ಡ ಕಾರ್ಡಿನಿಂದಲೂ ಸಿಗುವುದು ಶೇಕಡಾ 25 ಮಾತ್ರ. ಅಂಥವನಿಗೆ ಅದು ಎಂದೂ ಚಿಕ್ಕದನ್ನು ಮೀರಿಸದು. ಸಕಾಲದಲ್ಲಿ ತಿಳಿಸಿ ರದ್ದು ಮಾಡದಿದ್ದರೆ ಆ ಕಾರ್ಡು ಮರುವರ್ಷಕ್ಕೆ ತಾನಾಗಿಯೇ ಮುಂದುವರಿದು ಬಿಲ್ಲು ಬರುತ್ತದೆಂಬುದನ್ನು ಅಪರೂಪಕ್ಕೆ ಹೋಗುವವರು ಗಮನಿಸಬೇಕು.

ಇನ್ನು ಅನಿಶ್ಚಿತ ಪ್ರಯಾಣಗಳನ್ನು ಹೇಗೆ ಎಣಿಸುವುದು? ಹೋಗುವ ಸಂಭವ ಅರ್ಧದಷ್ಟಿದ್ದರೆ ದರದ ಅರ್ಧವನ್ನು ಸೇರಿಸಬೇಕೆಂದು ಸಂಭಾವ್ಯತೆಯ ಗಣಿತ ಹೇಳುತ್ತದೆ. ಖಚಿತ ಪ್ರಯಾಣಗಳು 70 ಪೌಂಡಿನಷ್ಟು, ಅರ್ಧ ಮನಸ್ಸಿನ ಪ್ರಯಾಣ 60 ಪೌಂಡಿನದಾದರೆ ‘ದ’ ನೂರು. ಕಾರ್ಡು ಸ್ವಲ್ಪದರಲ್ಲಿ ತಪ್ಪುತ್ತದೆ. ಆಗ ಆತುರಪಡಬೇಕಾಗಿಲ್ಲ. ಮೊದಲ ಪ್ರಯಾಣವನ್ನು ಕಾರ್ಡಿಲ್ಲದೆ ಮಾಡಿದರೆ ಅದರ ರಿಯಾಯಿತಿ ಮರಳಿ ಬಾರದೆಂಬುದು ನಿಜ. ಆದರೆ ಆ ಪ್ರಯಾಣ ಚಿಕ್ಕದಾಗಿದ್ದರೆ ಕಾಯುವುದರ ಬೆಲೆಯೂ ಚಿಕ್ಕದು.

ಬ್ರಿಟನ್ನಿನ ಕಾರ್ಡುಗಳಲ್ಲಿ ಕೆಲವಕ್ಕೆ, ವೃದ್ಧರದಕ್ಕೂ, ಮೂರು ವರ್ಷದ ರೂಪವಿದೆ. 2025ರ ಏರಿಕೆಯ ನಂತರ ಬೆಲೆ 80 ಪೌಂಡ್. ಮೂರು ಒಂದೊಂದು ವರ್ಷದ ಕಾರ್ಡುಗಳಿಗೆ 105 ಆಗುವುದರಿಂದ ಇದು ಅಗ್ಗವಾಗಿ ಕಾಣುತ್ತದೆ. ಆದರೆ ಮೂರರಲ್ಲಿ ಎರಡೇ ವರ್ಷ ಹೋಗುವವರಿಗೆ ಬಿಡಿ ಕಾರ್ಡುಗಳು 70ರಲ್ಲಿಯೇ ಮುಗಿಯುತ್ತವೆ. ಕಾರ್ಡಿನ ವರ್ಷ ಪಂಚಾಂಗದ ವರ್ಷವೂ ಅಲ್ಲ, ಆರಂಭದ ದಿನದಿಂದ ಎಣಿಸುವ ವರ್ಷ. ಈ ಸೆಪ್ಟೆಂಬರ್‌ನಲ್ಲಿ ಮಗಳ ಮನೆಗೆ ಹೋಗಿ ಬಂದವರು ಬರುವ ಆಗಸ್ಟಿನಲ್ಲಿ ಆಕೆಯ ಪದವಿ ಪ್ರದಾನಕ್ಕೆ ಮತ್ತೆ ಹೊರಟರೆ ಅದೇ ಕಾರ್ಡು ಸಾಕಾಗುತ್ತದೆ. ಅಕ್ಟೋಬರ್‌ಗೆ ಹೊರಟರೆ ಇನ್ನೊಂದನ್ನು ಕೊಳ್ಳಬೇಕು.