ತಿಳಿನೀರಿನ ಕಲೆ

ನೀರು ತಿಳಿಯಾಗಿದ್ದರೆ ಸಾಕು, ಅದು ಕುಡಿಯಲು ಯೋಗ್ಯವಾದುದು ಎಂಬ ನಂಬಿಕೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಬಿಂದಿಗೆಯ ತಳ ಕಾಣುತ್ತಿದೆಯೆ, ವಾಸನೆಯೇನಾದರೂ ಉಂಟೆ, ಬಾಯಿಗೆ ಸಿಹಿಯೋ ಸವುಳೋ ಎಂದು ನೋಡುತ್ತೇವೆ. ಕಣ್ಣು, ಮೂಗು, ನಾಲಗೆ ಈ ಮೂರರ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರನ್ನು ನಿಶ್ಚಿಂತೆಯಿಂದ ಕುಡಿಯುತ್ತೇವೆ. ಈ ಪರೀಕ್ಷೆಯನ್ನು ಹಳಿಯಬೇಕಾಗಿಲ್ಲ. ಕೆರೆಬಾವಿಗಳ ಕಾಲದಲ್ಲಿ ಅದು ಎಷ್ಟೋ ಜೀವಗಳನ್ನು ಕಾಪಾಡಿದೆ. ಆದರೆ ಈ ಮೂವರು ಪರೀಕ್ಷಕರ ಕಣ್ಣಿಗೂ ಮಣ್ಣೆರಚಿ ಒಳಕ್ಕೆ ಬರುವ ಪದಾರ್ಥವೊಂದುಂಟು. ಅದರ ಪರಿಚಯ ನನಗಾದದ್ದು ಪುಸ್ತಕದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ.

೧೯೮೫ರ ಸುಮಾರಿನಲ್ಲಿ ನಾನು ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕನ್ನಡ ಅಧ್ಯಾಪಕನಾಗಿ ಹೋದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಬಹಳ ಚೆನ್ನಾಗಿ ಓದುವವಳು. ಆದರೆ ಪದ್ಯ ಹೇಳಲು ಎದ್ದು ನಿಂತಾಗಲೆಲ್ಲ ಅಂಗೈಯಿಂದ ಬಾಯಿಯನ್ನು ಮರೆಮಾಡಿಕೊಳ್ಳುತ್ತಿದ್ದಳು. ಒಂದು ದಿನ ಗದರಿಸಿ ಕೈ ತೆಗೆಸಿದೆ. ಅವಳ ಮುಂಭಾಗದ ಹಲ್ಲುಗಳ ಮೇಲೆ ಕಂದು ಬಣ್ಣದ ಅಡ್ಡಪಟ್ಟಿಗಳಿದ್ದುವು. “ಹಲ್ಲುಜ್ಜದೆ ಶಾಲೆಗೆ ಬರುತ್ತಾರೇನಮ್ಮಾ?” ಎಂದು ಎಲ್ಲರ ಮುಂದೆ ಕೇಳಿಬಿಟ್ಟೆ. ಅವಳು ತಲೆ ತಗ್ಗಿಸಿ, “ದಿನಾ ಇದ್ದಿಲಿನಿಂದ ಉಜ್ಜುತ್ತೇನೆ ಸಾರ್, ಹೋಗುವುದಿಲ್ಲ” ಎಂದಳು. ಯಾರೂ ನಗಲಿಲ್ಲ. ಏಕೆ ನಗಲಿಲ್ಲವೆಂದು ತರಗತಿಯನ್ನು ಒಮ್ಮೆ ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಹಲ್ಲಿನ ಮೇಲೆ ಅದೇ ಕಲೆಯಿತ್ತು. ಹುಟ್ಟಿದಂದಿನಿಂದ ಕೆರೆಯ ಬದಿಯ ಬಾವಿಯ ನೀರು ಕುಡಿದು ಬೆಳೆದ ಪಕ್ಕದೂರಿನ ಇಬ್ಬರು ಹುಡುಗರ ಹಲ್ಲುಗಳು ಮಾತ್ರ ಮಲ್ಲಿಗೆಯಂತೆ ಬೆಳ್ಳಗಿದ್ದುವು. ಇನ್ನೊಂದು ವಿಚಿತ್ರ: ನಾನೂ ಅದೇ ಊರಿನ ಕೊಳವೆಬಾವಿಯ ನೀರನ್ನು ಕುಡಿಯುತ್ತಿದ್ದೆ; ನನ್ನ ಹಲ್ಲಿಗೆ ಏನೂ ಆಗಲಿಲ್ಲ.

ಈ ಕಲೆಯ ಗುಟ್ಟನ್ನು ಮೊದಲು ಬಿಡಿಸಿದವರು ದೂರದ ಅಮೆರಿಕದವರು. ೧೯೦೧ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯನು ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ವೃತ್ತಿಯನ್ನು ಆರಂಭಿಸಿದನು. ಅಲ್ಲಿಯೇ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡು ಅವನಿಗೆ ಅಚ್ಚರಿಯಾಯಿತು. ಬೇರೆಡೆಯಲ್ಲಿ ಬೆಳೆದು ಬಂದು ನೆಲೆಸಿದ ಹಿರಿಯರಿಗೆ ಅದು ಇರಲಿಲ್ಲ. ಕಾರಣವನ್ನು ಹುಡುಕುತ್ತ ಅವನು ಮೂವತ್ತು ವರ್ಷ ಕಳೆದನೆಂದರೆ ಆ ತಾಳ್ಮೆಯನ್ನು ಮೆಚ್ಚಲೇಬೇಕು.

೧೯೨೩ರಲ್ಲಿ ಐಡಹೊ ಪ್ರಾಂತದ ಓಕ್ಲಿ ಎಂಬ ಸಣ್ಣ ಊರಿನ ತಾಯಿತಂದೆಗಳು ಅವನಿಗೆ ಒಂದು ಸಂಗತಿಯನ್ನು ತಿಳಿಸಿದರು. ಐದು ಮೈಲಿ ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳಾಯಿ ಹಾಕಿಸಿದ ಮೇಲೆ ಮಕ್ಕಳ ಹಲ್ಲುಗಳು ಕೆಡಲಾರಂಭಿಸಿದ್ದುವು. ಮೆಕೇ ನೀರನ್ನು ಪರೀಕ್ಷಿಸಿದನು, ದೋಷವೇನೂ ಕಾಣಲಿಲ್ಲ. ಆದರೂ ಆ ಕೊಳಾಯಿಯನ್ನು ಕೈಬಿಟ್ಟು ಬೇರೊಂದು ಬುಗ್ಗೆಯ ನೀರನ್ನು ತನ್ನಿರೆಂದು ಸಲಹೆ ಕೊಟ್ಟನು. ಊರವರು ಹಾಗೆಯೇ ಮಾಡಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲುಗಳು ಮೂಡಿದುವು. ಪ್ರಯೋಗಶಾಲೆಯ ವರದಿಗಿಂತ ತಾಯಂದಿರ ಮಾತಿಗೆ ಬೆಲೆ ಕೊಟ್ಟದ್ದು ಮೆಕೇಯ ದೊಡ್ಡತನವೆಂದೇ ನಾನು ಭಾವಿಸಿದ್ದೇನೆ.

ಅಪರಾಧಿಯ ಹೆಸರು ಹೊರಬಿದ್ದುದು ೧೯೩೧ರಲ್ಲಿ. ಅರ್ಕನ್ಸಾಸಿನ ಬಾಕ್ಸೈಟ್ ಎಂಬ ಊರು ಒಂದು ಅಲ್ಯೂಮಿನಿಯಮ್ ಸಂಸ್ಥೆಗೆ ಸೇರಿದ್ದಿತು. ಅಲ್ಲಿಯ ಮಕ್ಕಳಲ್ಲಿಯೂ ಇದೇ ಕಲೆ. ಜನ ತಮ್ಮ ಪಾತ್ರೆಗಳನ್ನು ದೂರುವರೇನೋ ಎಂಬ ಅಳುಕಿನಿಂದ ಆ ಸಂಸ್ಥೆಯ ಮುಖ್ಯ ರಸಾಯನಜ್ಞ ಚರ್ಚಿಲ್ ಎಂಬಾತನು ಊರಿನ ನೀರನ್ನು ಹೊಸ ಉಪಕರಣದಿಂದ ಶೋಧಿಸಿದನು. ಅದರಲ್ಲಿ ಫ್ಲೋರೈಡು ವಿಪುಲವಾಗಿತ್ತು. ಹಳೆಯ ಪರೀಕ್ಷೆಗಳಲ್ಲಿ ಅದನ್ನು ಯಾರೂ ಹುಡುಕಿರಲೇ ಇಲ್ಲ! ನಮ್ಮ ದೇಶದಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವಿರುವುದು ೧೯೩೭ರಲ್ಲಿ ವರದಿಯಾಯಿತು.

ಫ್ಲೋರೈಡು ಕಾರ್ಖಾನೆಯ ಕೊಳೆಯೇ ಆಗಬೇಕೆಂದಿಲ್ಲ; ನಮ್ಮಲ್ಲಿ ಅದು ನೆಲದೊಳಗಿನ ಬಂಡೆಯಿಂದಲೇ ಬರುತ್ತದೆ. ಪಾವಗಡ, ಕೋಲಾರ, ಬಾಗೇಪಲ್ಲಿ, ಚಿತ್ರದುರ್ಗ, ಮುಂಡರಗಿ ಮೊದಲಾದ ಮಳೆ ಕಡಿಮೆಯ ಸೀಮೆಗಳಲ್ಲಿ ನೆಲದಡಿಯ ಗಟ್ಟಿ ಶಿಲೆಗಳ ಖನಿಜಗಳಲ್ಲಿ ಅದು ಅಡಗಿದೆ. ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಒಂದು ಲೀಟರಿನಲ್ಲಿ ೧ ಮಿಲಿಗ್ರಾಮ್ ಇದ್ದರೆ ಬಾಧಕವಿಲ್ಲ. ಅಷ್ಟು ಅಲ್ಪಪ್ರಮಾಣ ಹಲ್ಲು ಹುಳುಕಾಗದಂತೆ ತಡೆಯುತ್ತದೆ. ಬೇರೆ ನೀರು ಸಿಕ್ಕದ ಕಡೆ ೧.೫ ಮಿಲಿಗ್ರಾಮಿನವರೆಗೆ ಇರಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಗು, ಎಂದರೆ ಒಸಡಿನೊಳಗೆ ಹಲ್ಲಿನ ಹೊರಪದರ ಇನ್ನೂ ರೂಪುಗೊಳ್ಳುತ್ತಿರುವ ಮಗು, ಕುಡಿಯುತ್ತ ಬಂದರೆ ಕಲೆ ಹಲ್ಲಿನೊಂದಿಗೇ ಹುಟ್ಟುತ್ತದೆ. ಇದ್ದಿಲಿಗೆ ಅದು ಹೋಗುವುದೆಂತು? ಹಲ್ಲು ಬಲಿತ ಮೇಲೆ ಅಲ್ಲಿಗೆ ಹೋದ ನಾನು ಪಾರಾದದ್ದೂ ಇದರಿಂದಲೇ. ಆದರೆ ಹಿರಿಯರು ಪೂರ್ತಿ ಪಾರಾದರೆಂದಲ್ಲ. ಬಹಳ ಹೆಚ್ಚಿನ ಪ್ರಮಾಣದ ಫ್ಲೋರೈಡನ್ನು ಹತ್ತಾರು ವರ್ಷ ಸೇವಿಸಿದವರ ಮೂಳೆಗಳು, ಕೀಲುಗಳು ಬಿಗಿಯುತ್ತವೆ. ಬೆನ್ನು ಬಾಗಿದವರು ನೆಟ್ಟಗಾಗಲಾರರು.

ಹಾಗಾದರೆ ಕೊಳವೆಬಾವಿಯನ್ನು ತೋಡಿದ್ದೇ ತಪ್ಪೆ? ಆತುರದಿಂದ ಹಾಗೆನ್ನಬಾರದು. ಹಿಂದೆ ಮೆಟ್ಟಿಲುಬಾವಿಗೆ ಇಳಿದು ಕಾಲು ತೊಳೆದು ಅದೇ ನೀರನ್ನು ತುಂಬಿ ತರುತ್ತಿದ್ದೆವು. ಆ ನೀರಿನಿಂದ ನಾರುಹುಣ್ಣು ಹಬ್ಬುತ್ತಿತ್ತು. ಗಜದುದ್ದದ ಹುಳು ಕಾಲಿನಿಂದ ದಿನಕ್ಕಿಷ್ಟಿಷ್ಟೇ ಹೊರಬರುವ ನೋವನ್ನು ಅನುಭವಿಸಿದವರೇ ಬಲ್ಲರು. ಕರ್ನಾಟಕವೂ ಆ ರೋಗದಿಂದ ನರಳಿತ್ತು. ಮುಚ್ಚಿದ ಕೊಳವೆಬಾವಿಯೂ ಕೈಪಂಪೂ ಬಂದದ್ದು ಅದನ್ನು ಅಳಿಸಲು ಬಹುಮಟ್ಟಿಗೆ ನೆರವಾಯಿತು. ೨೦೦೦ದಲ್ಲಿ ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮೇಲಿನ ನೀರಿನ ಹುಳುವಿನಿಂದ ನಮ್ಮನ್ನು ಪಾರುಮಾಡಿದ ಬಾವಿಯೇ ಕೆಲವು ಊರುಗಳಲ್ಲಿ ಆಳದ ಬಂಡೆಯ ವಿಷವನ್ನೂ ಮೇಲೆತ್ತಿ ತಂದಿತು. ಕೊಳವೆಬಾವಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಮನೆಮನೆಯ ನಲ್ಲಿಗೆ ಅದು ಹರಿಯಿತು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ನೀರನ್ನು ಕುದಿಸಿ ಕುಡಿಯಿರಿ ಎಂದು ನಾವು ಸದಾ ಬೋಧಿಸುತ್ತೇವೆ. ವಾಂತಿಭೇದಿ, ವಿಷಮಶೀತಜ್ವರಗಳ ರೋಗಾಣುಗಳು ಕುದಿತದಿಂದ ಸಾಯುತ್ತವೆ, ನಿಜ. ಫ್ಲೋರೈಡಾದರೋ ಜೀವಿಯಲ್ಲ, ಸಾಯುವುದಕ್ಕೆ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡು ಪಾತ್ರೆಯಲ್ಲಿಯೇ ಉಳಿಯುತ್ತದೆ. ಕುದಿದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ವ್ಯರ್ಥವೇ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರು ಪಟಿಕ ಮತ್ತು ಸುಣ್ಣಗಳನ್ನು ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುವ ವಿಧಾನವನ್ನು ರೂಪಿಸಿದರು. ಅದಕ್ಕೆ ನಲಗೊಂಡ ಜಿಲ್ಲೆಯ ಹೆಸರೇ ನಿಂತಿದೆ. ಅಗ್ಗದ ವಿಧಾನವೇನೋ ಹೌದು, ಆದರೆ ನೀರಿಗೆ ತಕ್ಕ ಅಳತೆ ತಪ್ಪಬಾರದು. ಈಗ ಹಳ್ಳಿಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿವೆ. ಅವುಗಳೊಳಗಿನ ಸೂಕ್ಷ್ಮಪೊರೆಯ ಮೂಲಕ ನೀರನ್ನು ಒತ್ತಡದಿಂದ ಹಾಯಿಸಿದಾಗ ಫ್ಲೋರೈಡಿನ ಬಹುಭಾಗ ಹಿಂದುಳಿಯುತ್ತದೆ. ಹಿಂದುಳಿದುದು ಚರಂಡಿಗೆ ಹೋಗುತ್ತದೆಂಬುದೂ, ಪೊರೆ ಸವೆದ ಘಟಕ ನೀರಿನ ಬದಲು ಹುಸಿ ಭರವಸೆಯನ್ನು ಕೊಡುತ್ತದೆಂಬುದೂ ಮರೆಯತಕ್ಕ ಸಂಗತಿಗಳಲ್ಲ. ಮಳೆಯ ನೀರಿನಲ್ಲಿ ಫ್ಲೋರೈಡು ತೀರ ಅತ್ಯಲ್ಪ. ಶುಚಿಯಾದ ಮಾಳಿಗೆಯಿಂದ ಅದನ್ನು ಹಿಡಿದಿಟ್ಟ ಮನೆಯವರು ಬಂಡೆಯ ಹಂಗಿಲ್ಲದವರು.

ಈಚೆಗೆ ನಾನು ಆ ಊರಿಗೆ ಒಂದು ಮದುವೆಗೆಂದು ಹೋಗಿದ್ದೆ. ಬಾಯಿ ಮುಚ್ಚಿಕೊಳ್ಳುತ್ತಿದ್ದ ಆ ಹುಡುಗಿ ಈಗ ಅಜ್ಜಿ. ಯಾರಾದರೂ ಕರೆದರೆ ಕತ್ತು ಹೊರಳಿಸಲಾರದೆ ಮೈಯನ್ನೇ ತಿರುಗಿಸಿ ನೋಡುತ್ತಾಳೆ. ನಾನು ಅಂದಿನ ಮಾತನ್ನು ನೆನೆದು ತಪ್ಪಾಯಿತೆಂದೆ. “ನಿಮಗೇನು ಗೊತ್ತಿತ್ತು ಸಾರ್, ನಮಗೇ ಗೊತ್ತಿರಲಿಲ್ಲ” ಎಂದು ಅವಳು ಕೈ ಅಡ್ಡ ಹಿಡಿಯದೆ ನಕ್ಕಳು. ಮೂರು ವರ್ಷದ ಮೊಮ್ಮಗನಿಗೆ ಕುಡಿಯಲು ಘಟಕದ ನೀರನ್ನೇ ತರಿಸುತ್ತಿರುವುದಾಗಿ ಹೇಳಿದಳು. “ಅನ್ನಕ್ಕೆ, ಸಾರಿಗೆ?” ಎಂದು ಕೇಳಿದೆ. “ಅದಕ್ಕೆ ನಲ್ಲಿಯ ನೀರೇ ಸಾರ್, ಹೇಗೂ ಕುದಿಯುತ್ತದಲ್ಲ” ಎಂದಳು. ಅಕ್ಕಿ ಬೇಯುವಾಗ ಹೀರುವುದೂ ಅದೇ ನೀರು, ಅದರೊಂದಿಗೆ ಬರುವುದೂ ಅದೇ ಫ್ಲೋರೈಡು ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮಗನನ್ನು ಕರೆದು, ಬೈಸಿಕಲ್ಲಿಗೆ ಇನ್ನೊಂದು ಕ್ಯಾನನ್ನೂ ಕಟ್ಟಿಕೊಂಡು ಹೋಗುವಂತೆ ಹೇಳಿದಳು.