ಕಬ್ಬು ಕಡಿಯಲು ಬರುವ ತಾಯಂದಿರ ಆರೋಗ್ಯ

ಕಳೆದ ಸಂಚಿಕೆಯಲ್ಲಿ ಮೂತ್ರವೇಗವನ್ನು ತಡೆಯುವುದರಿಂದ ಉಂಟಾಗುವ ತೊಂದರೆಗಳನ್ನು ಕುರಿತು ಬರೆದಿದ್ದೆನು. ತಡೆಯಬಾರದೆಂದು ಚರಕಾಚಾರ್ಯರು ಹೇಳಿರುವ 13 ವೇಗಗಳಲ್ಲಿ ಅದು ಮೊದಲನೆಯದು. ಲೇಖನವನ್ನು ಓದಿದ ಭಕ್ತರೊಬ್ಬರು, "ನಮ್ಮ ಹೊಲಕ್ಕೆ ಕಬ್ಬು ಕಡಿಯಲು ಬರುವ ಹೆಣ್ಣುಮಕ್ಕಳು ಮರೆಯಿಲ್ಲವೆಂದು ದಿನವಿಡೀ ನೀರನ್ನೇ ಕುಡಿಯುವುದಿಲ್ಲ. ಅವರ ಗತಿಯೇನು?" ಎಂದು ಕೇಳಿದರು. ಆ ಪ್ರಶ್ನೆಗೆ ಔಷಧಿಯ ಹೆಸರಷ್ಟನ್ನೇ ಹೇಳಿ ಸುಮ್ಮನಾಗುವಂತಿಲ್ಲ.

ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಮೊದಲಾದ ಬರಪೀಡಿತ ಜಿಲ್ಲೆಗಳಿಂದ ಸಾವಿರಾರು ಕುಟುಂಬಗಳು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಯ ಸೀಮೆಗೂ ಬರುತ್ತವೆ. ಅವರಲ್ಲಿ ಬಂಜಾರರು, ದಲಿತರು, ಅಲೆಮಾರಿ ಸಮುದಾಯದವರು ಬಹಳ. ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಒಂದು 'ಕೊಯ್ತಾ' ಎಂದು ಲೆಕ್ಕ ಹಿಡಿಯುತ್ತಾರೆ. ಕೊಯ್ತಾ ಎಂದರೆ ಕುಡುಗೋಲು. ಮುಕಾದಮನು ಮುಂಗಡ ಹಣವನ್ನು ಕೊಟ್ಟಿರುತ್ತಾನೆ. ಒಂದು ದಿನ ಕೆಲಸ ತಪ್ಪಿದರೆ ದಂಡ. ಮುಟ್ಟಿನ ದಿನವೆಂದಾಗಲಿ, ಗರ್ಭಿಣಿಯೆಂದಾಗಲಿ ಬಿಡುವಿಲ್ಲ. ಹೊರೆ ಹೊತ್ತು ಟ್ರ್ಯಾಕ್ಟರಿನ ಟ್ರಾಲಿ ಏರಬೇಕು. ರಾತ್ರಿ ತಾಡಪಾಲಿನ ಗುಡಿಸಲು, ಅದಕ್ಕೆ ಬಾಗಿಲಿಲ್ಲ.

ಇದರ ಫಲವೇನೆಂಬುದು 2019ರಲ್ಲಿ ಬೆಳಕಿಗೆ ಬಂದಿತು. ಮಹಾರಾಷ್ಟ್ರ ಸರ್ಕಾರವು ನೇಮಿಸಿದ ಸಮಿತಿಯು ಬೀಡ್ ಜಿಲ್ಲೆಯ ಸುಮಾರು 82 ಸಾವಿರ ಕಬ್ಬು ಕಡಿಯುವ ಮಹಿಳೆಯರನ್ನು ವಿಚಾರಿಸಿದಾಗ, 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದರು. ಎಷ್ಟೋ ಜನರಿಗೆ ನಲವತ್ತೂ ತುಂಬಿರಲಿಲ್ಲ. ಬಿಳಿ ಸೆರಗು, ಕಿಬ್ಬೊಟ್ಟೆ ನೋವು ಎಂದು ಹೋದವರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಶಸ್ತ್ರಕ್ರಿಯೆ ಮಾಡಿದ್ದುಂಟು. ಮುಟ್ಟು ನಿಂತರೆ ಕೂಲಿ ತಪ್ಪದೆಂದು ತಾವೇ ಒಪ್ಪಿದವರೂ ಉಂಟು. ಅದರ ಖರ್ಚಿಗೆ ಮುಕಾದಮನಲ್ಲಿಯೇ ಸಾಲ ಪಡೆದು, ತೀರಿಸಲು ಮತ್ತೆ ಅದೇ ಹೊಲಕ್ಕೆ ಬಂದವರಿದ್ದಾರೆ. ಇದು ನೆರೆರಾಜ್ಯದ ಕಥೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಹಾವೇರಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರೂ ಇಂಥದೇ ದೂರನ್ನು ಹೊತ್ತು ವರ್ಷಗಟ್ಟಲೆ ಅಲೆದಿದ್ದಾರೆ.

ಬಿಳಿ ಸೆರಗು, ಅಂದರೆ ಶ್ವೇತಪ್ರದರವು, ಬಹುಪಾಲು ಸೋಂಕಿನಿಂದ ಬರುವಂಥದು, ಚಿಕಿತ್ಸೆಯಿಂದ ಗುಣವಾಗುತ್ತದೆ. ಚರಕಸಂಹಿತೆಯು 20 ಬಗೆಯ ಯೋನಿವ್ಯಾಪತ್ತುಗಳನ್ನು ಹೇಳಿ ಅವುಗಳಿಗೆ ಔಷಧೋಪಚಾರವನ್ನು ವಿವರಿಸಿದೆ. ಕ್ಯಾನ್ಸರ್, ದೊಡ್ಡ ಗಡ್ಡೆ, ನಿಲ್ಲದ ರಕ್ತಸ್ರಾವ ಇದ್ದಾಗ ಗರ್ಭಕೋಶವನ್ನು ತೆಗೆಯುವುದು ಅನಿವಾರ್ಯವಾಗಬಹುದು. ಆಗ ಕಷಾಯ ಕುಡಿದು ಕಾಲ ಕಳೆಯಬೇಡಿರಿ. ಆದರೆ ಅಕಾರಣವಾಗಿ, ಅಂಡಾಶಯಗಳನ್ನೂ ಸೇರಿಸಿ ತೆಗೆದರೆ, ಮೂವತ್ತರ ಹೆಣ್ಣಿಗೆ ಅರವತ್ತರ ಎಲುಬು ಬರುತ್ತದೆ. ಹೃದಯದ ಕಾಯಿಲೆಯ ಸಂಭವವೂ ಏರುತ್ತದೆ. ಆ ನಡುವಿನಿಂದಲೇ ಆಕೆ ಮುಂದೆ ಇಪ್ಪತ್ತು ವರ್ಷ ಹೊರೆ ಹೊರಬೇಕು. ಹೊಡೆದರೆ ಮಾತ್ರ ಹಿಂಸೆಯೇ? ಅಪಾಯವನ್ನು ತಿಳಿಸದೆ ಬಡತನವನ್ನೇ ಒಪ್ಪಿಗೆಯೆಂದು ಬಗೆದು ಅಂಗವನ್ನು ಕತ್ತರಿಸುವುದನ್ನು ನಾನು ಹಿಂಸೆಯೆಂದೇ ಕರೆಯುತ್ತೇನೆ. 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು ಆದೇಶಿಸಿದೆ.

ಕೈಮಾಡುವ ಹಿಂಸೆಯೂ ಇದೆ. ಅದನ್ನು ಕಾಣುವಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹಲವು ವರ್ಷಗಳ ಹಿಂದೆ ಗ್ಯಾಂಗಿನ ಹೆಣ್ಣುಮಗಳೊಬ್ಬಳು ಬೆನ್ನುನೋವೆಂದು ಬಂದಳು. ಮುಂಗೈ ಮೇಲೆ, ತೋಳಿನ ಮೇಲೆ ಕಂದಿದ ಗುರುತುಗಳಿದ್ದವು. "ಟ್ರಾಲಿಯಿಂದ ಬಿದ್ದಳು" ಎಂದು ಗಂಡನೇ ಉತ್ತರಿಸಿದ. ಎಣ್ಣೆ ಕೊಟ್ಟು, "ಎಂಟು ದಿನ ವಿಶ್ರಾಂತಿ ತೆಗೆದುಕೋ ತಾಯಿ" ಎಂದು ಕಳಿಸಿದೆ. ವಿಶ್ರಾಂತಿಯಂತೆ! ಬಿದ್ದವರಿಗೆ ಅಂಗೈ, ಮೊಣಕಾಲು ಕೆತ್ತುತ್ತವೆ. ಏಟನ್ನು ತಡೆಯಲು ಕೈ ಅಡ್ಡ ಹಿಡಿದವರಿಗೆ ಮುಂಗೈಯ ಹೊರಭಾಗ ಕಂದುತ್ತದೆ. ಇದನ್ನು ಓದಿ ಬಲ್ಲವನಾಗಿಯೂ ಅಂದು ಕೇಳಲಿಲ್ಲ. ಮರುವರ್ಷ ಆ ಗ್ಯಾಂಗು ಬೇರೆ ಕಾರ್ಖಾನೆಗೆ ಹೋಯಿತು. ಈಗ ಹೆಣ್ಣುಮಕ್ಕಳು ಬಂದರೆ ಜೊತೆಯವರನ್ನು ಹೊರಗೆ ಕೂಡಿಸಿ, ನರ್ಸಮ್ಮನ ಎದುರಿನಲ್ಲಿ ಅವರನ್ನೇ ಮಾತನಾಡಿಸುತ್ತೇನೆ. ಗಂಡನ ಏಟು, ಮುಕಾದಮನ ಕಾಟ, ಚಾಲಕರ ಪೀಡೆ ಇವೆಲ್ಲ ಆಗ ಹೊರಬರುತ್ತವೆ. ಭಾಷೆ ಬಾರದ ಊರಿನಲ್ಲಿ ಅವರು ಯಾರ ಬಳಿ ಹೇಳಿಯಾರು?

ಈ ಪತ್ರಿಕೆಯ ಓದುಗರಲ್ಲಿ ಕಬ್ಬು ಬೆಳೆಗಾರರು ಅನೇಕರಿದ್ದೀರಿ. ಗ್ಯಾಂಗು ನಿಮ್ಮ ಹೊಲದಲ್ಲಿ ಇಳಿದಾಗ ಶೌಚಕ್ಕೂ ಸ್ನಾನಕ್ಕೂ ಮರೆಮಾಡಿದ ಜಾಗ, ಕುಡಿಯುವ ನೀರು, ಗುಡಿಸಲ ಹತ್ತಿರ ಒಂದು ದೀಪ ಇಷ್ಟನ್ನು ಒದಗಿಸಿದರೆ ಅರ್ಧ ರೋಗಗಳು ದೂರವಿರುತ್ತವೆ. ನಿಮ್ಮ ಮನೆಯ ಹೆಣ್ಣುಮಕ್ಕಳು ಒಮ್ಮೆ ಹೋಗಿ ಮಾತನಾಡಿಸಲಿ. ಆಶಾ ಕಾರ್ಯಕರ್ತೆಯನ್ನೂ ಕರೆದೊಯ್ಯಲಿ. ತೊಂದರೆಯೆಂದು ತಿಳಿದರೆ ಆಕೆಯ ಇಚ್ಛೆಯನ್ನು ಮೊದಲು ಕೇಳಿ. ಗಂಡನ ಮುಂದೆಯೋ ಮುಕಾದಮನ ಮುಂದೆಯೋ ಪ್ರಸ್ತಾಪಿಸಿದರೆ ಏಟು ಹೆಚ್ಚುತ್ತದೆ. ಮಹಿಳಾ ಸಹಾಯವಾಣಿ 181, ತುರ್ತು ಕರೆ 112. ಸಖಿ ಕೇಂದ್ರದಲ್ಲಿ ಚಿಕಿತ್ಸೆ, ತಾತ್ಕಾಲಿಕ ಆಸರೆ, ಕಾನೂನು ನೆರವು ಒಂದೆಡೆ ದೊರೆಯುತ್ತವೆ. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೂಲಿಕಾರಳೂ ದೂರು ಕೊಡಬಹುದು. ಅತ್ಯಾಚಾರಕ್ಕೊಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ಉಚಿತವಾಗಿ ಚಿಕಿತ್ಸೆ ನೀಡಲೇಬೇಕು. ಮತ್ತು ಯಾರಾದರೂ "ಗರ್ಭಚೀಲ ತೆಗೆಸಲು ಹೇಳಿದ್ದಾರೆ" ಎಂದರೆ, ದಿನಾಂಕ ಗೊತ್ತುಮಾಡುವ ಮೊದಲು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ತೋರಿಸಿರಿ. ನಿಮ್ಮ ಗಾಡಿಯಲ್ಲಿಯೇ ಕರೆದೊಯ್ದರೆ ಆಕೆಯ ಒಂದು ದಿನದ ಕೂಲಿಯ ದಂಡವನ್ನೂ ಮುಕಾದಮನೊಡನೆ ನೀವೇ ಮಾತನಾಡಿ ಬಿಡಿಸಬೇಕಾದೀತು.